ಹೊಲಿಯದೆ ಬಿಟ್ಟ ಒಂದು ಗೇಣು

ಅಕ್ಟೋಬರ್ 9, ಗುರುವಾರ

ಪರಿಹಾರದ ಪೊಟ್ಟಣದಲ್ಲಿ ಎರಡು ಟವೆಲು, ಒಂದು ಬಕೆಟ್, ಸೋಪು, ಬಿಸ್ಕತ್ತು ಮತ್ತು ಈ ನೋಟ್‌ಬುಕ್. ರಟ್ಟಿನ ಮೇಲೆ ಬಲೂನಿನ ಚಿತ್ರ. ಮಕ್ಕಳಿರುವ ಮನೆಗೆ ಹೋಗಬೇಕಾದ ಪೊಟ್ಟಣ ತಪ್ಪಿ ನಮಗೆ ಬಂದಿದೆ. ವಾಪಸು ಕೊಡೋಣವೆಂದು ಓಡಿದರೆ ಲಾರಿ ಹೊರಟೇ ಹೋಗಿತ್ತು. ಇರಲಿ, ಬರೆಯೋಣ. ಹೊಟ್ಟೆಯಲ್ಲಿದ್ದದ್ದನ್ನು ಎಲ್ಲಾದರೂ ಕಕ್ಕಬೇಕಲ್ಲ. ಬಾಯಿಬಿಟ್ಟು ಹೇಳಿದರೆ ಮುದುಕಿ ಮೂರು ದಿನ ಮಾತು ಬಿಡುತ್ತಾಳೆ.

ಮುದುಕಿ ಎಂದರೆ ನನ್ನ ಅತ್ತೆ. ಬೀದಿಗೆಲ್ಲ ‘ಹಾಸಿಗೆಯಮ್ಮ’. ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ, ಅವಳ ಮಗ ತೀರಿಕೊಂಡು ಆರು ವರ್ಷ. ಮುಂದುಗಡೆ ಹಾಸಿಗೆ ಅಂಗಡಿ, ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ, ಅದರಲ್ಲಿ ನಾವಿಬ್ಬರು. ನನಗೆ ನಲವತ್ತೈದಾದರೂ ಅವಳ ಬಾಯಲ್ಲಿ ನಾನಿನ್ನೂ ‘ಏ ಹುಡುಗಿ’.

ನೀರು ಇವತ್ತು ಬೆಳಿಗ್ಗೆ ಪೂರ್ತಿ ಇಳಿಯಿತು. ಬಿರುಗಾಳಿ ಬಡಿದಾಗಿನಿಂದ ನಾಲ್ಕು ದಿನ ಮಹಡಿಯ ಮೇಷ್ಟ್ರ ಮನೆಯಲ್ಲಿದ್ದೆವು. ಕೆಳಗೆ ಬಂದು ನೋಡಿದರೆ ಗೋಡೆಯ ಸುತ್ತ ನನ್ನ ಸೊಂಟದೆತ್ತರಕ್ಕೆ ಒಂದು ಕಂದು ಗೆರೆ. ಗೆರೆಯ ಕೆಳಗಿದ್ದದ್ದೆಲ್ಲ ಕೆಸರು, ಚರಂಡಿಯ ವಾಸನೆ. ಹತ್ತಿ ಹಿಂಜುವ ಮಿಷನ್ನಿನ ಬಾಯಲ್ಲಿ ಯಾರದೋ ಚಪ್ಪಲಿ. ಹೊಲಿದಿಟ್ಟಿದ್ದ ಹನ್ನೊಂದು ಹಾಸಿಗೆಗಳು ನೀರು ಕುಡಿದು ಎಮ್ಮೆಗಳ ಹಾಗೆ ಬಿದ್ದುಕೊಂಡಿದ್ದವು.

ಮುದುಕಿ ಮೆಟ್ಟಿಲ ಮೇಲೆ ಕುಳಿತು ಅಲ್ಲಿಂದಲೇ ದರ್ಬಾರು ನಡೆಸಿದಳು. ದಮ್ಮಿನವರು ಕೆಸರಿಗೆ ಇಳಿಯಬೇಡಿ ಎಂದು ನಾನೇ ಹೇಳಿದ್ದೆ. ಅದನ್ನೇ ಹಿಡಿದುಕೊಂಡು ಬೆರಳು ತೋರಿಸಿದ್ದೇ ತೋರಿಸಿದ್ದು. ಸಂಜೆ ಮಾತ್ರ ನಾನು ಬೇಡವೆಂದರೂ ಇಳಿದು ಬಂದು ಕೋಣೆಯೊಳಗೆ ತನ್ನ ಮಂಚದ ಹತ್ತಿರ ನಿಂತಳು. ಆ ಹಾಸಿಗೆ ಅವಳು ಬಸುರಿಯಾಗಿದ್ದಾಗ ಹೊಲಿದದ್ದಂತೆ. ನನ್ನ ಗಂಡ ಹುಟ್ಟಿದ್ದು ಅದರ ಮೇಲೆ. ಎರಡು ವರ್ಷಕ್ಕೊಮ್ಮೆ ಬಿಚ್ಚಿ, ಹಿಂಜಿ, ಅದೇ ಹತ್ತಿಯನ್ನು ತಿರುಗಿ ತುಂಬುತ್ತಾಳೆ. ಅದರ ಮೇಲೆ ಅಂಗೈ ಇಟ್ಟು ಒತ್ತಿದಳು. ಬೆರಳುಗಳ ನಡುವೆ ಕಪ್ಪು ನೀರು ಬಂತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಮೇಲೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 11, ಶನಿವಾರ

ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಗಮ್‌ಬೂಟು ಹಾಕಿಕೊಂಡು ಬಂದು ಮನೆಮನೆಗೂ ಚೀಟಿ ಹಂಚಿದಳು. ನೀರು ಕುದಿಸಿ ಕುಡಿಯಿರಿ. ಬರಿಗಾಲಲ್ಲಿ ಕೆಸರು ತುಳಿಯಬೇಡಿ. ಗಾಯ ಇದ್ದರೆ ಮುಚ್ಚಿಕೊಳ್ಳಿ. ಗೋಡೆಗೆ ಬೂಷ್ಟು ಬಂದರೆ ಮೂಗಿಗೆ ಬಟ್ಟೆ ಕಟ್ಟಿ ಉಜ್ಜಿ. ಇಷ್ಟೂ ಸರಿ. ಕೊನೆಯ ಸಾಲು: ನೆನೆದ ಹಾಸಿಗೆ, ದಿಂಬು, ಮೆತ್ತೆ ಎಷ್ಟೇ ಒಣಗಿದಂತೆ ಕಂಡರೂ ಬಿಸಾಡಿ.

ಹಾಸಿಗೆ ಅಂಗಡಿಯ ಬಾಗಿಲಲ್ಲಿ ನಿಂತು ಹಾಸಿಗೆ ಬಿಸಾಡಿ ಎಂದು ಓದಿ ಹೇಳುತ್ತಾಳೆ. ನನಗೆ ನಗು ಬಂತು. ಹತ್ತಿಗೆ ನಾಲ್ಕು ದಿನ ಬಿಸಿಲು ತೋರಿಸಿ, ಚೆನ್ನಾಗಿ ಹಿಂಜಿದರೆ ಹೊಸದಕ್ಕಿಂತ ಹಗುರ ಆಗುತ್ತದೆ ಎಂದು ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ಹೇಳಿಕೊಂಡು ಬಂದವಳು ನಾನು. ನಮ್ಮ ಕಸುಬು ನಡೆದದ್ದೇ ಅದರಿಂದ.

ಆದರೆ ಮುದುಕಿ ಚೀಟಿಯ ಪರ ನಿಂತಳು. “ಮಳೆ ನೀರಾಗಿದ್ರೆ ಒಣಗಿಸ್ಬಹುದಿತ್ತು. ಇದು ಚರಂಡಿ ಕುಡಿದಿರೋ ಹತ್ತಿ. ಎಲ್ಲಾ ಎಸಿ,” ಎಂದಳು. ನಿಮ್ಮದೂ ಎಸೆಯಬೇಕಾ ಎಂದು ಕೇಳಿದೆ. ಎಲ್ಲಾ ಅಂದರೆ ಎಲ್ಲಾ ಎಂದು ಮುಖ ಆ ಕಡೆ ತಿರುಗಿಸಿದಳು.

ಅಕ್ಟೋಬರ್ 13, ಸೋಮವಾರ

ಕೆಳಗಿನ ಕೋಣೆಗೆ ವಾಪಸು ಬಂದೆವು. ಮೇಷ್ಟ್ರು ಇನ್ನೂ ಇರಿ ಎಂದರು, ಮುದುಕಿ ಕೇಳಬೇಕಲ್ಲ. ಬರಿ ಹಲಗೆಯ ಮಂಚದ ಮೇಲೆ ಎರಡು ಬೆಡ್‌ಶೀಟು ಮಡಿಸಿ ಹಾಕಿದ್ದೇನೆ. ಪಕ್ಕೆಲುಬು ನೋಯುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ. ಗೋಡೆ ತಣ್ಣಗಿದೆ. ಬೆಳಿಗ್ಗೆ ಎದ್ದರೆ ರವಿಕೆಯ ಬೆನ್ನು ತೇವ.

ಹನ್ನೊಂದು ಹಾಸಿಗೆಯನ್ನು ನಗರಸಭೆಯ ಲಾರಿಗೆ ಎಸೆದೆ. ಒಂದೊಂದನ್ನೂ ಎಳೆಯುವಾಗ ಕೈಯಾರೆ ಹೊಲಿದದ್ದು ನೆನಪಾಯಿತು. ಮುದುಕಿಯ ಹಾಸಿಗೆ ಮಾತ್ರ ಎಸೆಯಲಿಲ್ಲ. ಅದನ್ನೂ ಹಿತ್ತಲ ಗೋಡೌನಿನಲ್ಲಿ ನೆನೆದಿದ್ದ ಎರಡು ಮೂಟೆ ಹತ್ತಿಯನ್ನೂ ಮೇಷ್ಟ್ರ ತಾರಸಿಗೆ ಸಾಗಿಸಿದೆ. ದಮ್ಮಿನ ಮುದುಕಿ ಎರಡು ಮಹಡಿ ಹತ್ತಿ ತಾರಸಿ ನೋಡುವುದು ಆಗದ ಮಾತು. ಮೇಷ್ಟ್ರು ಮೊಣಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಒಂದು ತುದಿ ಹಿಡಿದರು. ಗುಟ್ಟು ಗುಟ್ಟಾಗಿಯೇ ಇರುತ್ತದೆ ಎಂದು ಹೇಳಿದ್ದಾರೆ. ಪಾಪ, ಒಂಟಿ ಜೀವ, ಗುಟ್ಟು ಅಂದರೆ ಅವರಿಗೂ ಹಬ್ಬ.

ಅಕ್ಟೋಬರ್ 17, ಶುಕ್ರವಾರ

ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಹೊತ್ತಿಗೆ ಮೋಡ. ಹತ್ತಿಯನ್ನು ಹರಡುವುದು, ಮೋಡ ಕಂಡ ಕೂಡಲೇ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುವುದು, ಮತ್ತೆ ಹರಡುವುದು. ದಿನಕ್ಕೆ ಆರು ಸಲ ಮೆಟ್ಟಿಲು ಹತ್ತಿ ಇಳಿದು ಕಾಲು ಬಿದ್ದುಹೋಗಿದೆ. ಬೆರಳ ಸಂದಿಯಲ್ಲಿ ಕೆಸರು ಹುಣ್ಣು ಬೇರೆ.

ಎಲ್ಲಿ ಹೋಗಿ ಸಾಯುತ್ತೀಯ ಇಷ್ಟು ಹೊತ್ತು ಎಂದು ಮುದುಕಿ ಕೇಳಿದಳು. ಮೇಷ್ಟ್ರಿಗೆ ಪಟ್ಟಿ ಕಟ್ಟಲು ಎಂದೆ. ಅವರಿಗೇನು ಹತ್ತು ಕಾಲು ಇದೆಯಾ ಎಂದಳು.

ಅಕ್ಟೋಬರ್ 21, ಮಂಗಳವಾರ

ಒಣಗಿತು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅರಳುತ್ತದೆ. ಮುದುಕಿಗೆ ಸುಳ್ಳು ಹೇಳಿದೆ: ಪರಿಹಾರದ ಲಾರಿಯ ಜೊತೆ ಹೊಸ ಹತ್ತಿ ಬಂದಿದೆ ಎಂದು. ರಸ್ತೆ ಕಿತ್ತುಹೋಗಿ ಎರಡು ವಾರದಿಂದ ತರಕಾರಿಯೇ ಬಂದಿಲ್ಲ, ಹತ್ತಿ ಎಲ್ಲಿಂದ ಬರಬೇಕು. ಅವಳು ಹೂಂ ಎಂದಳು ಅಷ್ಟೆ.

ಮಿಷನ್ ಕೆಟ್ಟಿದೆ. ಅಟ್ಟದಲ್ಲಿದ್ದ ಅವಳ ಹತ್ತಿ ಹಿಂಜುವ ಹಳೆಯ ಬಿಲ್ಲನ್ನು ಇಳಿಸಿದೆ. ಗಾಳಿಗೆ ಹತ್ತಿ ಹಾರಬಾರದೆಂದು ಅಂಗಡಿಯ ಶಟರು ಎಳೆದು, ನಡುವೆ ಪರದೆ ಬಿಟ್ಟು ಕುಳಿತೆ. ಬಿಲ್ಲಿನ ತಂತಿಯನ್ನು ಹತ್ತಿಯೊಳಗೆ ಇಳಿಸಿ ಬಡಿದರೆ ಟಂಯ್ ಟಂಯ್ ಎಂದು ಇಡೀ ಕೋಣೆ ತುಂಬುತ್ತದೆ. ಈ ಸದ್ದು ಕೇಳಿ ಎಷ್ಟು ವರ್ಷವಾಗಿತ್ತು. ಹತ್ತಿಯಿಂದ ಹೊಗೆಯಂಥ ಧೂಳು ಎದ್ದಿತು, ಬೂದು ಬಣ್ಣದ್ದು. ಒಣಗಿದ ಕೆಸರು ಇರಬೇಕು. ನನಗೂ ಎರಡು ಸಲ ಕೆಮ್ಮು ಬಂತು. ಪರದೆಯ ಆಚೆಯಿಂದ ಮುದುಕಿ, ತಂತಿ ಸಡಿಲ ಇದೆ, ಬಿಗಿ ಮಾಡು ಎಂದು ಕೂಗಿದಳು. ಕಿವಿ ಇನ್ನೂ ಚುರುಕು.

ಅಕ್ಟೋಬರ್ 23, ಗುರುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮುದುಕಿಯ ಹಾಸಿಗೆ ಮುಗಿಯಿತು. ಹೊಸ ಗವಸು, ನೀಲಿ ಪಟ್ಟೆಯದು. ಅವಳು ಸ್ನಾನಕ್ಕೆ ಹೋದಾಗ ಮಂಚದ ಮೇಲೆ ಹಾಸಿ, ಚಾದರ ಎಳೆದು, ಏನೂ ಆಗದವಳಂತೆ ಅಡುಗೆಮನೆಯಲ್ಲಿ ನಿಂತೆ. ಅವಳು ಬಂದಳು. ಇಣುಕಿದೆ. ಚಾದರ ಸರಿಸಿ ಗವಸಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಆಮೇಲೆ ಹೊಲಿಗೆಯ ಅಂಚಿನ ಉದ್ದಕ್ಕೂ ಬೆರಳು ಆಡಿಸಿದಳು.

“ಒಂದು ಗೇಣು ಬಿಟ್ಟಿಲ್ವಲ್ಲ,” ಎಂದಳು.

ಇದು ಅವಳ ಹಳೆಯ ಹಟ. ಯಾವ ಹಾಸಿಗೆಯನ್ನೂ ಪೂರ್ತಿ ಹೊಲಿದು ಕೊಡುವ ಹಾಗಿಲ್ಲ. ಒಂದು ಗೇಣು ತೆರೆದಿಟ್ಟು ಗಿರಾಕಿಯ ಮನೆಗೆ ಒಯ್ಯಬೇಕು, ಅವರು ಒಳಗೆ ಕೈ ಹಾಕಿ, ಹತ್ತಿ ಎಳೆದು ನೋಡಿ ಆಯಿತು ಎಂದ ಮೇಲೆ ಅವರೆದುರಿಗೇ ದಬ್ಬಳ ಹಾಕಿ ಮುಚ್ಚಬೇಕು. ಈ ಕಾಲದಲ್ಲಿ ಯಾರಿಗೆ ಪುರಸೊತ್ತು. ಎಷ್ಟೋ ಜನ ಕೈಯನ್ನೂ ಹಾಕುವುದಿಲ್ಲ, ಹೊಲಿಯಿರಿ ಹೊಲಿಯಿರಿ ಎನ್ನುತ್ತಾರೆ. ದಬ್ಬಳ ಹಿಡಿದು ಬಿಸಿಲಲ್ಲಿ ಊರು ಸುತ್ತಿದ್ದು ಮಾತ್ರ ನಾನು.

“ನಮ್ಮನೇದಕ್ಕೂ ಬಿಡ್ಬೇಕಾ ಅತ್ತೆ?” ಎಂದೆ.

ಅವಳು ನನ್ನ ಮುಖ ನೋಡಿದಳು. ಹಾಸಿಗೆಯ ಮೇಲೆ ಕುಳಿತಳು. ಮೆಲ್ಲಗೆ ಕಾಲು ಮೇಲೆತ್ತಿ ಮಲಗಿದಳು. “ಚೆನ್ನಾಗಿ ಹಿಂಜಿದ್ದೀಯ ಹುಡುಗಿ,” ಎಂದಳು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಅವರ ಮಗ ಇದ್ದಿದ್ದರೆ ಹೇಳಿಕೊಳ್ಳುತ್ತಿದ್ದೆ.

ಅಕ್ಟೋಬರ್ 30, ಗುರುವಾರ

ಕೈಯಲ್ಲಿ ಹೊಸ ಹುರುಪು. ಅತ್ತೆ ಮೆಚ್ಚಿದ ಮೇಲೆ ಇನ್ಯಾರ ಅಪ್ಪಣೆ ಬೇಕು. ಆ ಎರಡು ಮೂಟೆಯಲ್ಲಿ ನಾಲ್ಕು ಹಾಸಿಗೆ ಹೊಲಿದುಕೊಟ್ಟೆ. ಮೇಷ್ಟ್ರಿಗೆ ಒಂದು. ಬೇಕರಿಯವನಿಗೆ ಒಂದು, ಅವನು ಹಿಟ್ಟಿನ ಚೀಲ ಹಾಸಿಕೊಂಡು ಮಲಗುತ್ತಿದ್ದ. ಮೂಲೆಮನೆಯ ಬಸ್ ಕಂಡಕ್ಟರಿಗೆ ಒಂದು. ಟೈಲರ್ ಅಣ್ಣನ ಮಗಳು ಬಾಣಂತಿ, ಎರಡು ತಿಂಗಳ ಮಗು. ಟೈಲರ್ ಬಂದು ಕೈಮುಗಿದು, ನೆಲ ಎಲ್ಲ ತೇವ, ಮಗುವನ್ನು ಎಲ್ಲಿ ಮಲಗಿಸೋದು ಎಂದರು. ಒಂದೇ ದಿನದಲ್ಲಿ ಪುಟ್ಟದೊಂದು ಹೊಲಿದೆ, ದಿಂಬಿನ ಸಮೇತ. ಚೆನ್ನಾಗಿ ಒಣಗಿದ ಹತ್ತಿ ಎಂದು ಎಲ್ಲರಿಗೂ ಹೇಳಿದೆ. ಅಷ್ಟು ನಿಜ ತಾನೇ. ಗೇಣು ಬಿಡಲಿಲ್ಲ. ಈ ಗಡಿಬಿಡಿಯಲ್ಲಿ ಯಾರು ಕೇಳುತ್ತಾರೆ.

ಅತ್ತೆಗೆ ಎರಡು ದಿನದಿಂದ ಒಣಕೆಮ್ಮು. ಬಿಸಿನೀರು ಕೊಟ್ಟೆ.

ನವೆಂಬರ್ 2, ಭಾನುವಾರ

ಕಾರಣ ಸಿಕ್ಕಿತು. ಅತ್ತೆಯ ಮಂಚದ ಹಿಂದಿನ ಗೋಡೆ. ಕ್ಯಾಲೆಂಡರ್ ಎತ್ತಿ ನೋಡಿದರೆ ಅಲ್ಲೆಲ್ಲ ಕಪ್ಪು ಚುಕ್ಕಿ, ಸಾಸಿವೆ ಚೆಲ್ಲಿದ ಹಾಗೆ. ಕಪಾಟಿನ ಹಿಂದೆ ಇನ್ನೂ ಜಾಸ್ತಿ, ಅಲ್ಲಿ ಹಸಿರು. ಬ್ಲೀಚಿಂಗ್ ಪುಡಿ ಕಲಸಿ, ಮೂಗಿಗೆ ಬಟ್ಟೆ ಕಟ್ಟಿ ಮೂರು ಗಂಟೆ ಉಜ್ಜಿದೆ. ಮಂಚವನ್ನು ಕೋಣೆಯ ನಡುವೆ ಎಳೆದೆ. ಕಿಟಕಿ ತೆರೆದಿಟ್ಟೆ. ಅತ್ತೆಯನ್ನು ಅಷ್ಟು ಹೊತ್ತು ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದ್ದೆ. ಹೋಗಿ ಬರುವವರಿಗೆಲ್ಲ ನನ್ನ ಸೊಸೆ ಗೋಡೆಗೆ ಸ್ನಾನ ಮಾಡಿಸುತ್ತಿದ್ದಾಳೆ ಎಂದು ಹೇಳುತ್ತಿದ್ದರು. ನಗುವಾಗ ಕೆಮ್ಮು, ಕೆಮ್ಮುವಾಗ ನಗು.

ಇನ್ನು ವಾಸಿಯಾಗುತ್ತದೆ.

ನವೆಂಬರ್ 4, ಮಂಗಳವಾರ

ವಾಸಿಯಾಗಿಲ್ಲ. ದಮ್ಮಿನ ಪಂಪು ದಿನಕ್ಕೆ ಎರಡು ಸಲ ಹೀರುತ್ತಿದ್ದವರು ಈಗ ಆರು ಸಲ. ಸೀಮೆಎಣ್ಣೆ ಸ್ಟವ್ ಹೊಗೆ ಎಂದುಕೊಂಡು ಸ್ಟವ್ವನ್ನು ಹಿತ್ತಲಿಗೆ ಒಯ್ದೆ. ಹಿತ್ತಲ ಕೆಸರು ಎಂದುಕೊಂಡು ಸುಣ್ಣ ಚೆಲ್ಲಿದೆ. ನಿದ್ದೆಯಾದರೂ ಆಗಲೆಂದು ಇಡೀ ದಿನ ಹಾಸಿಗೆ ಬಿಟ್ಟು ಏಳಬೇಡಿ ಎಂದು ಹೇಳಿದ್ದೇನೆ.

ನವೆಂಬರ್ 6, ಗುರುವಾರ

ಜ್ವರ. ಕಫದಲ್ಲಿ ರಕ್ತದ ಎಳೆ. ನನಗೆ ತೋರಿಸದೆ ಸೆರಗಿನಲ್ಲಿ ಒರೆಸಿಕೊಂಡಿದ್ದರು. ಬಟ್ಟೆ ಒಗೆಯುವಾಗ ನೋಡಿದೆ.

ನವೆಂಬರ್ 7, ಶುಕ್ರವಾರ

ಆಸ್ಪತ್ರೆ. ಕಂಡಕ್ಟರ್ ಆಟೋ ತಂದ. ಹತ್ತುವಾಗ ಅತ್ತೆ ನನ್ನ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟರು. ಏನೂ ಭಾರವೇ ಇರಲಿಲ್ಲ.

ನವೆಂಬರ್ 9, ಭಾನುವಾರ

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಾವಧಾನವಾಗಿ ಮಾತಾಡುತ್ತಾರೆ. ಅತ್ತೆಯ ಶ್ವಾಸಕೋಶದಲ್ಲಿ ಬೂಷ್ಟು ಬೆಳೆದಿದೆಯಂತೆ. ಗೋಡೆಯ ಮೇಲೆ ಬೆಳೆಯುವಂಥದ್ದೇ. ಅದರ ಕಣ ಗಾಳಿಯಲ್ಲಿರುತ್ತದೆ, ಗಟ್ಟಿ ಇರುವವರು ಉಸಿರಾಡಿದರೆ ಕೆಮ್ಮಿ ಹೊರಗೆ ಹಾಕುತ್ತಾರೆ; ಇವರದು ಮೊದಲೇ ಹತ್ತಿ ಧೂಳು ತಿಂದ ಎದೆ, ವರ್ಷಗಟ್ಟಲೆ ದಮ್ಮಿನ ಮಾತ್ರೆ ನುಂಗಿ ಮೈಯಲ್ಲಿ ತಡೆಯುವ ಶಕ್ತಿ ಇಲ್ಲ ಎಂದರು. ಆಮೇಲೆ ಒಂದೊಂದಾಗಿ ಕೇಳಿದರು. ಗೋಡೆ? ಉಜ್ಜಿದೆ ಎಂದೆ. ಕಪಾಟು? ಒರೆಸಿದೆ. ಹಾಸಿಗೆ?

ಅತ್ತೆ ಅಲ್ಲೇ ಇದ್ದರು, ಮುಖಕ್ಕೆ ಆಮ್ಲಜನಕದ ಮುಖವಾಡ. ನನ್ನನ್ನೇ ನೋಡುತ್ತಿದ್ದರು.

“ಹೊಸದು,” ಎಂದೆ.

ಅತ್ತೆ ಕಣ್ಣು ಮುಚ್ಚಿದರು.

ಬಟ್ಟೆ ತರುವ ನೆಪದಲ್ಲಿ ಮನೆಗೆ ಬಂದೆ. ಬ್ಲೇಡು ತೆಗೆದುಕೊಂಡು ನೀಲಿ ಗವಸನ್ನು ಮಧ್ಯದಲ್ಲಿ ಸೀಳಿದೆ. ಮೇಲಿನ ಹತ್ತಿ ಬೆಳ್ಳಗೆ, ಒಣಗಿ ಚೆನ್ನಾಗಿತ್ತು. ನಾಲ್ಕು ಬೆರಳು ಒಳಗೆ ಹೋದರೆ ತಣ್ಣಗೆ. ಇನ್ನೂ ಒಳಗೆ ಹೋದರೆ ಉಂಡೆ ಉಂಡೆ. ಒಂದು ಉಂಡೆ ಹೊರಗೆಳೆದು ಬಿಡಿಸಿದೆ. ಒಳಗೆಲ್ಲ ಬೂದು ಹಸಿರು. ಅಂದು ಬಿಲ್ಲಿನಿಂದ ಎದ್ದಿದ್ದು ಕೆಸರಿನ ಧೂಳು ಅಲ್ಲ. ಮೋಡ ಕಂಡಾಗಲೆಲ್ಲ ನಾನು ಟಾರ್ಪಾಲು ಮುಚ್ಚಿ ಅದನ್ನೇ ಬೆಚ್ಚಗೆ ಸಾಕಿದ್ದೆ. ಬಿಸಿಲು ಹತ್ತಿಯ ಚರ್ಮವನ್ನಷ್ಟೇ ಒಣಗಿಸುತ್ತದೆ ಎಂದು ನಾನು ಕೆಲಸ ಕಲಿತ ಮೊದಲ ವಾರವೇ ಅತ್ತೆ ಹೇಳಿಕೊಟ್ಟಿದ್ದರು. ಕೈ ಒಳಗೆ ಹಾಕಿ ನೋಡು ಎಂದಿದ್ದರು. ನಾನು ಮೇಲೆ ಮುಟ್ಟಿ ನೋಡಿದೆ.

ಒಂದು ಗೇಣು ಬಿಟ್ಟಿದ್ದರೆ ಅವತ್ತೇ ಕೈ ಒಳಗೆ ಹೋಗುತ್ತಿತ್ತು.

ನವೆಂಬರ್ 10, ಸೋಮವಾರ

ಮೊದಲು ಡಾಕ್ಟರಮ್ಮನಿಗೆ ಹೇಳಿದೆ. ಅವರು ಬೈಯಲಿಲ್ಲ. ಗೋಡೆಯಿಂದಲೂ ಬಂದಿರಬಹುದು, ಕೆಸರಿನಿಂದಲೂ ಬಂದಿರಬಹುದು, ಇದರಿಂದಲೇ ಎಂದು ಹೇಳಲಾಗದು, ಎಲ್ಲ ಸೇರಿಯೂ ಇರಬಹುದು ಎಂದರು. ಔಷಧ ಬದಲಾಯಿಸಿದ್ದೇವೆ, ಎರಡು ದಿನ ನೋಡೋಣ ಎಂದರು. ನನ್ನ ಸಮಾಧಾನಕ್ಕೆ ಹೇಳಿದ್ದು. ನನಗೆ ಸಮಾಧಾನ ಆಗಲಿಲ್ಲ.

ಆಮೇಲೆ ಅತ್ತೆಯ ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತೆ. ಎಲ್ಲ ಹೇಳಿದೆ. ತಾರಸಿ, ಟಾರ್ಪಾಲು, ಲಾರಿಯ ಸುಳ್ಳು. ಅವರು ಮುಖವಾಡವನ್ನು ಸ್ವಲ್ಪ ಸರಿಸಿದರು.

“ಗೊತ್ತಿತ್ತು.”

“ಯಾವಾಗಿಂದ?”

“ಕೈ ಇಟ್ಟಾಗ್ಲೇ. ನಲವತ್ತೈದು ವರ್ಷ ಮಲಗಿರೋ ಹತ್ತಿ ನಂಗೆ ಗೊತ್ತಾಗಲ್ವಾ?”

“ಮತ್ಯಾಕೆ ಮಲಗಿದ್ರಿ ಅತ್ತೆ?”

ಮುಖವಾಡ ಹಾಕಿಕೊಂಡು ನಾಲ್ಕು ಉಸಿರು ಎಳೆದು, ಮತ್ತೆ ಸರಿಸಿದರು. “ನೀನು ನಂಗೆ ಅಂತ ಹೊಲಿದಿದ್ದು ಅದೊಂದೇ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ.”

ನನಗೆ ಅಳು ಬಂತು. ಅವರ ಚಾದರದ ಅಂಚು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಅವರು ನನ್ನನ್ನು ಅಳಲು ಬಿಟ್ಟರು. ಆಮೇಲೆ, ಆ ನೆನೆದ ಹತ್ತಿ ಬೇರೆಯವರಿಗೂ ಕೊಟ್ಟೆಯಾ ಎಂದು ಕೇಳಿದರು. ನಾಲ್ಕು ಹಾಸಿಗೆ ಎಂದೆ. ಮುಖವಾಡವನ್ನು ಪೂರ್ತಿ ಕೆಳಗೆಳೆದರು.

“ಮನೇವಳಿಗೆ ಸುಳ್ಳು ಹೇಳ್ತೀಯ, ಗಿರಾಕಿಗೆ ಹೇಳಲ್ಲ ಅಂದ್ಕೊಂಡಿದ್ದೆ. ಆಮೇಲೂ ಬಿಲ್ಲಿನ ಸದ್ದು ಕೇಳ್ದಾಗ ಗಿರಾಕಿಗಳಿಗೆ ಹೊಸ ಹತ್ತಿನೇ ಇರ್ಬೇಕು ಅಂತ ಸುಮ್ನಾದೆ. ಅವತ್ತು ನಾನು ಬಾಯಿ ಮುಚ್ಕೋಬಾರ್ದಿತ್ತು.” ಕೆಮ್ಮು ಬಂತು. ನರ್ಸ್ ಬಂದು ಮಾತು ಸಾಕು ಎಂದರು. ಅತ್ತೆ ನರ್ಸಿನ ಕೈಯನ್ನು ತಳ್ಳಿ ನನ್ನ ಮಣಿಕಟ್ಟು ಹಿಡಿದರು. “ತಗೊಂಡ್ ಬಾ. ನಾಲ್ಕೂ. ತಂದು ನಂಗೆ ಹೇಳು.”

ನವೆಂಬರ್ 11, ಮಂಗಳವಾರ

ಬೇಕರಿಯವನದು ಬಂತು. ಏನಾಯಿತು ಎಂದು ಹೇಳಿದೆ. ಅವನು ನನ್ನ ಮುಖವನ್ನೂ ನೋಡದೆ ಹಾಸಿಗೆ ಎಳೆದು ರಸ್ತೆಗೆ ಹಾಕಿದ. ಮೇಷ್ಟ್ರದ್ದು ಬಂತು. ಅವರು ತಾವೂ ತಪ್ಪಿತಸ್ಥರೆಂದು ತಾರಸಿಯ ಬೀಗದ ಕೈ ನನ್ನ ಕೈಗೆ ಕೊಟ್ಟರು. ಅದನ್ನು ನಾನೇನು ಮಾಡಲಿ. ಮಧ್ಯಾಹ್ನ ಅತ್ತೆಗೆ ಎರಡು ಬಂತು ಎಂದೆ. ಎರಡು ಬೆರಳು ಎತ್ತಿದರು, ಆಮೇಲೆ ಇನ್ನೆರಡು.

ನೆನೆದ ಹತ್ತಿ ಮುಟ್ಟುವಾಗ ಮೂಗಿಗೆ ಕಟ್ಟಿಕೊಳ್ಳಿ ಎಂದು ನರ್ಸ್ ನನಗೂ ಒಂದು ಮಾಸ್ಕ್ ಕೊಟ್ಟರು. ಒಂದು ತಿಂಗಳ ಹಿಂದೆ ಚೀಟಿಯ ಕೊನೆಯ ಸಾಲಿಗೆ ನಕ್ಕವಳು ನಾನು.

ನವೆಂಬರ್ 12, ಬುಧವಾರ

ಕಂಡಕ್ಟರನದು ಬಂತು. ಅವನ ತಾಯಿಗೂ ವಾರದಿಂದ ಕೆಮ್ಮಂತೆ. ಅವರನ್ನು ನಾನೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಎದೆ ಸ್ವಚ್ಛ ಇದೆ ಎಂದರು. ಅವರ ಕೈ ಹಿಡಿದುಕೊಂಡು ಮನೆಗೆ ಬಿಟ್ಟು ಬಂದೆ.

ಟೈಲರ್ ಅಣ್ಣನ ಮನೆಯಲ್ಲಿ ಮಗಳಿಲ್ಲ. ನೆಲ ಒಣಗಲಿಲ್ಲವೆಂದು ಮಗುವನ್ನು ಕರೆದುಕೊಂಡು ಗಂಡನ ಊರಿಗೆ ಹೋಗಿದ್ದಾಳಂತೆ, ಪುಟ್ಟ ಹಾಸಿಗೆಯ ಸಮೇತ. ಫೋನು ಹತ್ತುತ್ತಿಲ್ಲ. ಟೈಲರ್ ಅಣ್ಣ ವಿಳಾಸ ಬರೆದುಕೊಟ್ಟರು. ರಸ್ತೆ ಕಿತ್ತಿರುವುದರಿಂದ ಬಸ್ಸು ಸುತ್ತು ಬಳಸಿ ಹೋಗಿ ಐದು ಗಂಟೆ.

ಅತ್ತೆಗೆ ಇವತ್ತು ಮಾತಿಲ್ಲ. ಹೋಗಲೋ ಬೇಡವೋ ಎಂದು ನಿಂತಿದ್ದೆ. ಇಲ್ಲಿ ಬಿಟ್ಟುಹೋಗಲು ಜೀವ ಒಪ್ಪುವುದಿಲ್ಲ. ಅವರು ಕಣ್ಣು ಬಿಟ್ಟು ನನ್ನ ಕಡೆ ಒಂದು ಬೆರಳು ಎತ್ತಿ ತೋರಿಸಿದರು. ಇನ್ನೊಂದು ಬಾಕಿ ಎಂದು. ಬೆರಳನ್ನು ಹಾಗೇ ಬಾಗಿಲ ಕಡೆ ತಿರುಗಿಸಿದರು.

ನವೆಂಬರ್ 14, ಶುಕ್ರವಾರ

ನಿನ್ನೆಯದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆಯ ಮೊದಲ ಬಸ್ಸಿಗೆ ಹೋದೆ. ಟೈಲರ್ ಮಗಳು ನನ್ನನ್ನು ನೋಡಿ ಬನ್ನಿ ಅಕ್ಕ ಎಂದು ನಗುತ್ತ ಬಾಗಿಲು ತೆಗೆದಳು. ಮಗು ಅದರ ಮೇಲೇ ಮಲಗಿತ್ತು, ಕೈ ಎರಡೂ ತಲೆಯ ಮೇಲೆ ಚಾಚಿಕೊಂಡು. ನಾನು ಕೇಳದೆ ಎತ್ತಿಕೊಂಡೆ. ಉಸಿರಿಗೆ ಕಿವಿ ಇಟ್ಟೆ. ಮೂಗು ಕಟ್ಟಿತ್ತು, ಅಷ್ಟೆ. ಎದೆಯಲ್ಲಿ ಸದ್ದಿರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡಳು.

“ಹಾಸಿಗೆಯಮ್ಮನ ಅಂಗಡಿದು ಅಂತ ಕಣ್ಮುಚ್ಕೊಂಡು ಮಲಗಿಸಿದ್ವಲ್ಲ,” ಎಂದಳು.

ಇವತ್ತೇ ಡಾಕ್ಟರಿಗೆ ತೋರಿಸು ಎಂದು ಹೇಳಿ, ಹಾಸಿಗೆಯನ್ನೂ ದಿಂಬನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಅಲ್ಲೇ ಎಸೆಯಬಹುದಿತ್ತು. ಆದರೆ ತಂದು ಹೇಳು ಎಂದಿದ್ದರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರೆ ಪಕ್ಕದ ಹೆಂಗಸು, ಮೊಮ್ಮಗುವಿಗಾ ಎಂದು ಕೇಳಿದಳು. ಹೂಂ ಎಂದೆ.

ಆಸ್ಪತ್ರೆ ಮುಟ್ಟಿದಾಗ ಸಂಜೆ ಐದು. ಮೆಟ್ಟಿಲು ಹತ್ತುತ್ತಲೇ ಮಾತು ಜೋಡಿಸಿಕೊಂಡಿದ್ದೆ. ನಾಲ್ಕೂ ಬಂತು ಅತ್ತೆ, ಮಗು ಚೆನ್ನಾಗಿದೆ. ವಾರ್ಡಿನ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಅವರನ್ನು ದಾಟಿ ಒಳಗೆ ಹೋದೆ. ಮಂಚ ಖಾಲಿ. ಚಾದರ ತೆಗೆದಿದ್ದರು. ಆಸ್ಪತ್ರೆಯ ರೆಕ್ಸಿನ್ ಹಾಸಿಗೆಯನ್ನು ಒರೆಸಿ, ಅರ್ಧಕ್ಕೆ ಮಡಿಸಿ ಇಟ್ಟಿದ್ದರು. ಮಧ್ಯಾಹ್ನ ಎರಡೂವರೆಗಂತೆ. ನಾನು ಬಸ್ಸಿನಲ್ಲಿದ್ದೆ.

ನರ್ಸ್ ಬಂದು ನನ್ನ ಕೈಯಲ್ಲಿದ್ದ ಗಂಟು ತೆಗೆದುಕೊಳ್ಳಲು ನೋಡಿದರು. ಕೊಡಲಿಲ್ಲ. ಮಡಿಸಿದ ರೆಕ್ಸಿನ್ನಿನ ಹತ್ತಿರ ಹೋಗಿ ನಾಲ್ಕೂ ಬಂತು ಎಂದು ಹೇಳಿದೆ. ಮೇಷ್ಟ್ರು ನನ್ನ ಬೆನ್ನ ಮೇಲೆ ಕೈ ಇಟ್ಟರು.

ನವೆಂಬರ್ 19, ಬುಧವಾರ

ನಾಲ್ಕನ್ನೂ, ಅತ್ತೆಯದನ್ನೂ ನಗರಸಭೆಯ ಲಾರಿಗೆ ಹಾಕಿದೆ. ಅತ್ತೆಯದನ್ನು ಕೊನೆಗೆ.

ಗೋಡೆಯಲ್ಲಿ ಚುಕ್ಕಿ ಮತ್ತೆ ಬಂದಿದೆ. ಮತ್ತೆ ಉಜ್ಜಿದೆ.

ನವೆಂಬರ್ 28, ಶುಕ್ರವಾರ

ಏನೂ ಬರೆಯಲು ಇಲ್ಲ. ತಂತಿ ಸಡಿಲ ಇದೆ ಎಂದು ಹೇಳುವವರಿಲ್ಲ.

ಟೈಲರ್ ಅಣ್ಣ ಬಂದಿದ್ದರು. ಮಗುವನ್ನು ಎರಡು ಸಲ ತೋರಿಸಿದರಂತೆ, ಏನೂ ತೊಂದರೆ ಇಲ್ಲವಂತೆ. ಹೇಳಿ ಹೋಗಲು ಬಂದೆ ಎಂದು ಬಾಗಿಲಲ್ಲೇ ನಿಂತಿದ್ದರು. ಕೂರಿ ಎಂದೆ. ಕೂರಲಿಲ್ಲ. ಆದರೂ ಬಂದು ಹೇಳಿದರಲ್ಲ.

ಡಿಸೆಂಬರ್ 8, ಸೋಮವಾರ

ರಸ್ತೆ ಸರಿಯಾಗಿದೆ. ಹೊಸ ಹತ್ತಿ ಬಂತು, ನಾಲ್ಕು ಮೂಟೆ. ಮೂಟೆ ಬಿಚ್ಚಿ ಮೊಣಕೈವರೆಗೂ ಕೈ ಒಳಗೆ ಹಾಕಿ ನೋಡಿದೆ. ಒಣಗಿತ್ತು.

ಬೇಕರಿಯವನಿಗೆ, ಮೇಷ್ಟ್ರಿಗೆ, ಕಂಡಕ್ಟರಿಗೆ ಒಂದೊಂದು ಹೊಲಿದು, ಒಂದು ಗೇಣು ಬಿಟ್ಟು ಒಯ್ದೆ. ಕೈ ಹಾಕಿ ನೋಡಿ ಎಂದು ನಿಂತೆ. ಬೇಕರಿಯವನು ಬೇಡ ಬಿಡಿ ಎಂದ. ನೋಡದಿದ್ದರೆ ಹೊಲಿಯುವುದಿಲ್ಲ ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು. ಅವನು ಕೈ ಒರೆಸಿಕೊಂಡು ಒಳಗೆ ಹಾಕಿ, ಹತ್ತಿ ಎಳೆದು, ಬೆಳಕಿಗೆ ಹಿಡಿದು ನೋಡಿದ. ಆಯಿತು ಎಂದ. ದಬ್ಬಳ ತೆಗೆದು ಅವನೆದುರಿಗೇ ಮುಚ್ಚಿದೆ.

ಕೊನೆಗೆ ಉಳಿದ ಹತ್ತಿಯಲ್ಲಿ ಅತ್ತೆಯ, ಅಲ್ಲ, ಅಮ್ಮನ ಮಂಚಕ್ಕೆ ಒಂದು ಹೊಲಿದೆ. ನೀಲಿ ಪಟ್ಟೆಯ ಗವಸು ಇನ್ನೊಂದು ಇತ್ತು. ಹಾಸಿ, ಚಾದರ ಎಳೆದೆ. ಮಲಗಲು ಹೋಗಿ ನೋಡಿದರೆ ತಲೆಯ ಕಡೆ ಒಂದು ಗೇಣು ಬಿಟ್ಟುಬಿಟ್ಟಿದ್ದೇನೆ. ದಬ್ಬಳಕ್ಕೆ ದಾರ ಪೋಣಿಸಿದೆ. ಅವರು ನೋಡಿ ಆಯಿತು ಎಂದಿಲ್ಲ. ಹಾಗೇ ಬಿಟ್ಟಿದ್ದೇನೆ.